ಅಂಗಳಕ್ಕೆ ಕ್ರೇಪ್ ಮಿರ್ಟಲ್, ರಸ್ತೆ ಬದಿಗೆ ಹೊಳೆದಾಸವಾಳ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕರಾವಳಿಯ ಮನೆಯಂಗಳಗಳಿಗೆ ಒಪ್ಪುವ ಹೂಗಿಡಗಳ ಕುರಿತು ತಮ್ಮ ಪತ್ರಿಕೆಯ ಪುರವಣಿಯಲ್ಲಿ ಇತ್ತೀಚೆಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕ್ರೇಪ್ ಮಿರ್ಟಲನ್ನು ಐದಾರು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಕೊಂಡವರೂ ಧಾರಾಳವಾಗಿ ಬೆಳೆಸಬಹುದು ಎಂದು ಲೇಖಕರು ಬರೆದಿರುವುದು ಸರಿಯಾಗಿಯೇ ಇದೆ. ಆದರೆ ಲೇಖನದ ಜೊತೆಗೆ ಅಚ್ಚಾದ ಚಿತ್ರ ಕ್ರೇಪ್ ಮಿರ್ಟಲ್‌ನದ್ದಲ್ಲ, ಹೊಳೆದಾಸವಾಳದ್ದು. ಗೇಣುದ್ದದ ಎಲೆಗಳೂ ಹೂವಿನ ಕೆಳಗಿನ ಪುಷ್ಪಪಾತ್ರೆಯ ಮೇಲೆ ಎದ್ದು ಕಾಣುವ ಏಣುಗಳೂ ಅದನ್ನು ಸಂಶಯಕ್ಕೆಡೆಯಿಲ್ಲದಂತೆ ಹೇಳುತ್ತವೆ. ಎರಡೂ ಒಂದೇ ಕುಲಕ್ಕೆ ಸೇರಿದ ಸಸ್ಯಗಳಾದ್ದರಿಂದ ಇದೇನು ದೊಡ್ಡ ತಪ್ಪೇ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಕ್ರೇಪ್ ಮಿರ್ಟಲ್ ಹತ್ತು ಹದಿನೈದು ಅಡಿಗೆ, ಹೆಚ್ಚೆಂದರೆ ಇಪ್ಪತ್ತು ಅಡಿಗೆ ನಿಲ್ಲುವ ಗಿಡ. ಹೊಳೆದಾಸವಾಳ ಐವತ್ತು ಅರುವತ್ತು ಅಡಿ ಏರಿ ಅಷ್ಟೇ ಧಾರಾಳವಾಗಿ ಹರಡುವ ಮರ. ಚಿತ್ರವನ್ನು ಕತ್ತರಿಸಿ ಇಟ್ಟುಕೊಂಡು ನರ್ಸರಿಗೆ ಹೋಗುವ ಓದುಗರಿಗೆ ಈ ವ್ಯತ್ಯಾಸ ಸಣ್ಣದಲ್ಲ ಎಂಬ ಕಾರಣಕ್ಕಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ಈ ಗೊಂದಲ ತಮ್ಮ ಪತ್ರಿಕೆಯಲ್ಲಿ ಹುಟ್ಟಿದ್ದೇನೂ ಅಲ್ಲ. ಉಡುಪಿ, ಮಂಗಳೂರು ಸುತ್ತಮುತ್ತಲಿನ ಮಾರಾಟದ ಜಾಗಗಳಲ್ಲಿ ಕಪ್ಪು ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಸಾಲಾಗಿ ನಿಲ್ಲಿಸಿರುವ ಸಸಿಗಳಿಗೆ ಹೆಸರಿನ ಚೀಟಿ ಇರುವುದು ಅಪರೂಪ. ಇದ್ದರೂ ಅದರಲ್ಲಿ ‘ಲ್ಯಾಗರ್‌ಸ್ಟ್ರೋಮಿಯಾ’ ಎಂಬ ಕುಲದ ಹೆಸರಷ್ಟೇ ಇರುತ್ತದೆ. ಆ ಹೆಸರಿನ ಕೆಳಗೆ ಕನಿಷ್ಠ ಮೂರು ನಾಲ್ಕು ಬೇರೆ ಬೇರೆ ಸಸ್ಯಗಳು ನಮ್ಮಲ್ಲಿ ಮಾರಾಟವಾಗುತ್ತಿವೆ. ನಮ್ಮ ಬೀದಿಯ ಒಬ್ಬರು ಕ್ರೇಪ್ ಮಿರ್ಟಲ್ ಎಂದು ನಂಬಿ ತಂದ ಸಸಿಯನ್ನು ಕಂಪೌಂಡ್ ಗೋಡೆಗೂ ಬಾವಿಕಟ್ಟೆಗೂ ನಡುವಿನ ಮೂರಡಿ ಜಾಗದಲ್ಲಿ ನೆಟ್ಟಿದ್ದರು. ಈಗ ಅದು ಮಹಡಿಯ ಎತ್ತರವನ್ನೂ ದಾಟಿ ವಿದ್ಯುತ್ ತಂತಿಗೆ ತಾಗುತ್ತಿದೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅದರ ತಲೆ ಕಡಿಯಲಾಗುತ್ತದೆ, ಕಡಿದ ತಲೆಯಿಂದ ಹತ್ತಾರು ಕೋಲು ಕೊಂಬೆಗಳು ಮತ್ತೆ ಮೇಲಕ್ಕೇಳುತ್ತವೆ, ಹೂವು ಮಾತ್ರ ಬಿಡುವುದಿಲ್ಲ. ಮನೆಯವರು ಗೊಬ್ಬರ ಸಾಲದೇನೋ ಎಂದು ಕೇಳಿದರು. ಅದರ ಎಲೆಯನ್ನು ನೋಡಿದರೆ ಸಾಕಿತ್ತು, ಅದು ಹೊಳೆದಾಸವಾಳ. ಆ ಮರದಲ್ಲಿ ದೋಷವೇನೂ ಇಲ್ಲ. ಸಿಕ್ಕಿದ ಜಾಗ ಅದಕ್ಕೆ ತಕ್ಕದ್ದಲ್ಲ, ಅಷ್ಟೇ.

ಸಸ್ಯಶಾಸ್ತ್ರದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಸ್ವೀಡನ್ನಿನ ಲಿನೇಯಸ್ 1759ರಲ್ಲಿ ಈ ಕುಲಕ್ಕೆ, ತನಗೆ ಏಷ್ಯಾದ ಸಸ್ಯಗಳ ಮಾದರಿಗಳನ್ನು ತರಿಸಿಕೊಡುತ್ತಿದ್ದ, ಸ್ವೀಡಿಷ್ ಈಸ್ಟ್ ಇಂಡಿಯಾ ಕಂಪೆನಿಯ ಮ್ಯಾಗ್ನಸ್ ವಾನ್ ಲ್ಯಾಗರ್‌ಸ್ಟ್ರೋಮ್‌ನ ಹೆಸರನ್ನಿಟ್ಟ. ಮಿರ್ಟಲ್ ಎಂದು ಕರೆದರೂ ಇದು ನೇರಳೆ, ಪೇರಳೆಗಳ ಕುಟುಂಬದ್ದಲ್ಲ. ಇದರ ನಿಜವಾದ ಬಂಧುಗಳು ನಮ್ಮ ಹಿತ್ತಿಲಿನ ಮದರಂಗಿ ಮತ್ತು ದಾಳಿಂಬೆ. ದಾಳಿಂಬೆ ಹೂವಿನ ಸುಕ್ಕುಗಟ್ಟಿದ ದಳಗಳನ್ನೂ ಕಾಯಿಯಾದ ಮೇಲೂ ಉದುರದೆ ಉಳಿಯುವ ಗಟ್ಟಿ ಪುಷ್ಪಪಾತ್ರೆಯನ್ನೂ ಗಮನಿಸಿದವರಿಗೆ ಈ ಬಂಧುತ್ವ ಬೇಗನೆ ಮನವರಿಕೆಯಾಗುತ್ತದೆ. ಈ ಕುಲದಲ್ಲಿ ಸುಮಾರು 50 ಪ್ರಭೇದಗಳಿವೆ. ಅವುಗಳಲ್ಲಿ ಕರಾವಳಿಯ ತೋಟಗಾರಿಕೆಗೆ ಮುಖ್ಯವಾದವು ಮೂರು: ಚೀನಾ ಮತ್ತು ಅದರ ಆಸುಪಾಸಿನ ಏಷ್ಯಾದಿಂದ ಜಗತ್ತಿಗೆಲ್ಲ ಹರಡಿದ ಕ್ರೇಪ್ ಮಿರ್ಟಲ್, ಅಂದರೆ ಲ್ಯಾಗರ್‌ಸ್ಟ್ರೋಮಿಯಾ ಇಂಡಿಕಾ, ನಮ್ಮ ಹೊಳೆ ತೊರೆಗಳ ದಂಡೆಯ ಹೊಳೆದಾಸವಾಳ, ಅಂದರೆ ಲ್ಯಾಗರ್‌ಸ್ಟ್ರೋಮಿಯಾ ಸ್ಪೆಸಿಯೋಸಾ, ಮತ್ತು ಘಟ್ಟದ ಕಾಡಿನ ಬಿಳಿನಂದಿ, ಅಂದರೆ ಲ್ಯಾಗರ್‌ಸ್ಟ್ರೋಮಿಯಾ ಮೈಕ್ರೋಕಾರ್ಪಾ. ಹೊಳೆದಾಸವಾಳವು ನೆರೆಯ ಮಹಾರಾಷ್ಟ್ರದ ರಾಜ್ಯಪುಷ್ಪ. ಅಲ್ಲಿ ಅದನ್ನು ತಾಮ್ಹಣ ಎನ್ನುತ್ತಾರೆ. 1678ರಿಂದ 1693ರವರೆಗೆ ಆಮ್ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ ಹೋರ್ಟಸ್ ಮಲಬಾರಿಕಸ್‌ನಲ್ಲಿಯೂ ಅದರ ಚಿತ್ರವಿದೆ. ಪಶ್ಚಿಮ ಕರಾವಳಿಗೆ ಅದು ಹೊಸಬನಲ್ಲ ಎಂಬುದಕ್ಕೆ ಇಷ್ಟು ಸಾಕು.

ಹೂವಿಲ್ಲದ ಕಾಲದಲ್ಲಿ, ಅದರಲ್ಲೂ ಎರಡಡಿಯ ಸಸಿಯಾಗಿರುವಾಗಲೇ ಇವುಗಳನ್ನು ಗುರುತಿಸಲು ಬರಬೇಕು, ಏಕೆಂದರೆ ನಾವು ಹಣ ಕೊಟ್ಟು ಕೊಳ್ಳುವುದು ಆ ಹಂತದಲ್ಲಿಯೇ. ಮೊದಲು ಎಳೆಯ ಕಡ್ಡಿಯೊಂದನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಮೆಲ್ಲನೆ ಹೊರಳಿಸಿ ನೋಡಬೇಕು. ಕ್ರೇಪ್ ಮಿರ್ಟಲ್ ಆಗಿದ್ದರೆ ಕಡ್ಡಿ ದುಂಡಗಿರುವುದಿಲ್ಲ. ನಾಲ್ಕು ಮೂಲೆಗಳು ಬೆರಳಿಗೆ ಸ್ಪಷ್ಟವಾಗಿ ತಾಗುತ್ತವೆ, ಕೆಲವೊಮ್ಮೆ ಆ ಮೂಲೆಗಳಲ್ಲಿ ಕಾಗದದಷ್ಟು ತೆಳ್ಳಗಿನ ಅಂಚೂ ಕಾಣುತ್ತದೆ. ಹೊಳೆದಾಸವಾಳದ ಕಡ್ಡಿ ದುಂಡು. ಇನ್ನು ಎಲೆ: ಕ್ರೇಪ್ ಮಿರ್ಟಲ್‌ನ ಎಲೆ ಒಂದರಿಂದ ಎರಡೂವರೆ ಇಂಚು ಉದ್ದ, ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ, ಕಡ್ಡಿಗೆ ಅಂಟಿಕೊಂಡಂತಿರುತ್ತದೆ, ಕೆಲವು ಎಲೆಗಳು ಎದುರುಬದುರಾಗಿಯೂ ಕೆಲವು ಸ್ವಲ್ಪ ಹಿಂದೆಮುಂದಾಗಿಯೂ ಕೂತಿರುತ್ತವೆ. ಹೊಳೆದಾಸವಾಳದ ಎಲೆ ನಾಲ್ಕರಿಂದ ಎಂಟು ಇಂಚು, ದಪ್ಪ, ಒರಟು, ಸ್ಪಷ್ಟವಾದ ತೊಟ್ಟುಳ್ಳದ್ದು, ಚಳಿಗಾಲದಲ್ಲಿ ಉದುರುವ ಮೊದಲು ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಬಿಳಿನಂದಿಯ ಎಲೆಯನ್ನು ಮಗುಚಿ ನೋಡಿದರೆ ಕೆಳಮೈ ಬೂದುಬಿಳಿಯಾಗಿ, ಮಂಕಾಗಿ ಕಾಣುತ್ತದೆ.

ಕಡ್ಡಿಯ ನಾಲ್ಕು ಮೂಲೆಯ ಗುರುತೊಂದನ್ನೇ ನಂಬಿದವರು ಪೇರಳೆ ಗಿಡದ ಮುಂದೆ ಎಡವುತ್ತಾರೆ. ಪೇರಳೆಯ ಎಳೆಯ ಕಡ್ಡಿಯೂ ಚೌಕ, ಅದರ ತೊಗಟೆಯೂ ನುಣುಪಾಗಿ ಚೆಕ್ಕೆಚೆಕ್ಕೆಯಾಗಿ ಏಳುತ್ತದೆ. ಎಲೆಯನ್ನು ಹಿಸುಕಿ ಮೂಸಿದರೆ ವಿಷಯ ಅಲ್ಲಿಗೆ ತೀರ್ಮಾನ: ಪೇರಳೆಯ ಎಲೆಗೆ ಅದರದೇ ಗಾಢ ವಾಸನೆಯಿದೆ, ಎಲೆಯ ನರಗಳೂ ಗೀರು ಹಾಕಿದಂತೆ ಎದ್ದು ಕಾಣುತ್ತವೆ. ಕ್ರೇಪ್ ಮಿರ್ಟಲ್‌ನ ಎಲೆಗೆ ಹೇಳಿಕೊಳ್ಳುವಂಥ ವಾಸನೆಯಿಲ್ಲ.

ಹೂವು ಬಿಟ್ಟ ಮೇಲೆ ಗುರುತಿಸುವುದು ಇನ್ನೂ ಸುಲಭ, ಹೂವನ್ನು ದೂರದಿಂದ ಮೆಚ್ಚಿ ಬಿಡದೆ ಒಂದನ್ನು ಕೈಗೆತ್ತಿಕೊಂಡರೆ. ಕ್ರೇಪ್ ಮಿರ್ಟಲ್‌ನ ಹೂವಿಗೆ ಆರು ದಳಗಳು. ಪ್ರತಿ ದಳಕ್ಕೂ ದಾರದಂತೆ ಸಣಕಲಾದ ಒಂದು ಕಾಲು, ಆ ಕಾಲಿನ ತುದಿಯಲ್ಲಿ ಇಸ್ತ್ರಿ ಕಾಣದ ಕ್ರೇಪ್ ಬಟ್ಟೆಯಂತೆ ಮುದುಡಿದ ಅಲಗು. ನಡುವೆ ಗಿಡ್ಡನೆಯ, ಹಳದಿ ತಲೆಯ ಕೇಸರಗಳ ಗುಂಪು. ಅದರ ಸುತ್ತ ಹೊರಗಡೆ ಬಾಗಿ ನಿಂತ, ಉಳಿದವುಗಳಿಗಿಂತ ಬಹಳ ಉದ್ದವಾದ ಆರು ಕೇಸರಗಳು. ಈ ಹೂವಿನಲ್ಲಿ ಮಕರಂದವಿಲ್ಲ. ಬೆಳಗಿನ ಹೊತ್ತು ಬರುವ ತುಡುವೆ ಜೇನುನೊಣ ಪರಾಗಕ್ಕಾಗಿ ಒಳಗಿನ ಹಳದಿ ಗುಂಪಿನ ಮೇಲೆ ಕೆಲಸ ಮಾಡುತ್ತಿರುವಾಗ, ಉದ್ದದ ಆರು ಕೇಸರಗಳು ಅದರ ಮೈಗೆ ಪರಾಗ ಸವರಿ ಕಳುಹಿಸುತ್ತವೆ. ಹೊಳೆದಾಸವಾಳದ ಹೂವು ಇದರ ಎರಡರಷ್ಟು ದೊಡ್ಡದು, ಎರಡರಿಂದ ಮೂರು ಇಂಚು ಅಗಲ; ಕೇಸರಗಳು ನೂರಕ್ಕೂ ಮಿಕ್ಕಿ, ಹೆಚ್ಚುಕಡಿಮೆ ಒಂದೇ ಉದ್ದದವು. ಅತ್ಯಂತ ನಂಬಿಕೆಯ ಗುರುತು ಪುಷ್ಪಪಾತ್ರೆ. ಹೊಳೆದಾಸವಾಳದಲ್ಲಿ ಅದರ ಮೇಲೆ ಸುಮಾರು ಹನ್ನೆರಡು ಉಬ್ಬು ಏಣುಗಳೂ ತುಕ್ಕುಬಣ್ಣದ ಹೊಟ್ಟಿನಂಥ ನವಿರೂ ಇರುತ್ತವೆ. ಕ್ರೇಪ್ ಮಿರ್ಟಲ್‌ನಲ್ಲಿ ಅದು ಹಸಿರಾಗಿ, ನುಣ್ಣಗೆ ಇರುತ್ತದೆ. ಹೂವು ಉದುರಿ ಕಾಯಾದ ಮೇಲೂ ಈ ಭಾಗ ಉಳಿಯುವುದರಿಂದ ವರ್ಷದ ಬಹುಪಾಲು ಈ ಗುರುತು ಕೈಗೆ ಸಿಗುತ್ತದೆ. ಕಾಯಿಯೂ ಕಡಲೆಕಾಳಿಗಿಂತ ತುಸು ದೊಡ್ಡದಾಗಿದ್ದರೆ ಕ್ರೇಪ್ ಮಿರ್ಟಲ್, ಗೋಲಿಯಷ್ಟಿದ್ದರೆ ಅಥವಾ ಅದಕ್ಕೂ ದಪ್ಪವಿದ್ದರೆ ಹೊಳೆದಾಸವಾಳ. ಬಿಳಿನಂದಿಯ ಹೂವು ಬೆಳ್ಳಗೆ, ಬೆರಳುಗುರಿನಷ್ಟೇ ಚಿಕ್ಕದು, ದೊಡ್ಡ ಗೊಂಚಲುಗಳಲ್ಲಿ ಬಿಡುತ್ತದೆ.

ಬಣ್ಣವನ್ನು ಗುರುತಾಗಿ ಹಿಡಿಯಬಾರದು. ಕ್ರೇಪ್ ಮಿರ್ಟಲ್‌ನಲ್ಲಿಯೇ ಬಿಳಿ, ತಿಳಿಗುಲಾಬಿ, ಕಡುಗುಲಾಬಿ, ನೇರಳೆ, ಕೆಂಪು ಎಲ್ಲವೂ ಇವೆ. ಒಂದೇ ಮರದಲ್ಲಿ ನೇರಳೆ, ಗುಲಾಬಿ, ಬಿಳಿ ಹೂಗಳು ಒಟ್ಟಿಗೆ ಕಂಡರೆ ಅದು ಬಹುಶಃ ಇದೇ ಕುಲದ ಫ್ಲೋರಿಬಂಡಾ ಎಂಬ ಪ್ರಭೇದ ಅಥವಾ ಅದರ ಹತ್ತಿರದ ಥೋರೆಲಿ. ಅರಳುವಾಗ ಬಣ್ಣ ಗಾಢವಾಗಿದ್ದು ದಿನ ಕಳೆದಂತೆ ಬಿಳಿಚಿಕೊಳ್ಳುವ ಗುಣ ಅವಕ್ಕಿದೆ. ಬೆಂಗಳೂರಿನ ರಸ್ತೆಗಳಲ್ಲಿ ಇಂಥ ಮರಗಳನ್ನು ಕಂಡು ಬಂದವರು ಇಲ್ಲಿ ಕ್ರೇಪ್ ಮಿರ್ಟಲ್ ನೆಟ್ಟು ಹೂವಿನ ಬಣ್ಣ ಬದಲಾಗುವುದನ್ನು ಕಾಯುತ್ತ ಕೂತರೆ ನಿರಾಶೆ ಖಂಡಿತ.

ತೊಗಟೆಯ ವಿಷಯದಲ್ಲಿಯೂ ಇಂಥದೇ ಒಂದು ತಪ್ಪು ನಿರೀಕ್ಷೆಯಿದೆ. ದಾಲ್ಚಿನ್ನಿ ಬಣ್ಣದ ನುಣ್ಣನೆಯ ಕಾಂಡದ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿ, ‘ನಮ್ಮ ಗಿಡ ಯಾಕೆ ಹೀಗಾಗಿಲ್ಲ’ ಎಂದು ಕೇಳುವವರಿದ್ದಾರೆ. ಆ ಚಿತ್ರಗಳಲ್ಲಿರುವುದು ಹೆಚ್ಚಾಗಿ ಅಮೆರಿಕದ ಮಿಶ್ರತಳಿಗಳು. ಜಪಾನಿನ ಯಾಕುಶಿಮಾ ದ್ವೀಪದ ಫೌರಿಯೈ ಎಂಬ ಪ್ರಭೇದಕ್ಕೆ ಬೂದಿರೋಗವನ್ನು ತಡೆದುಕೊಳ್ಳುವ ಶಕ್ತಿಯೂ ಅಂಥ ಸುಂದರ ತೊಗಟೆಯೂ ಇರುವುದನ್ನು ಕಂಡು, ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ಡೊನಾಲ್ಡ್ ಈಗೋಲ್ಫ್ ಎಂಬ ವಿಜ್ಞಾನಿ ಅದನ್ನು ಇಂಡಿಕಾದೊಂದಿಗೆ ಸಂಕರಿಸಿದರು. ಬಿಳಿ ಹೂವಿನ ನ್ಯಾಚೆಜ್ ತಳಿ 1978ರಲ್ಲಿ ಹೊರಬಂದದ್ದು ಹೀಗೆ. ಸಾಮಾನ್ಯ ಇಂಡಿಕಾದ ತೊಗಟೆ ತೆಳು ಬೂದುಗಂದು. ವಯಸ್ಸಾದಂತೆ ತೇಪೆತೇಪೆಯಾಗಿ ಎದ್ದು ಒಳಗಿನ ತಿಳಿಬಣ್ಣ ಕಾಣುತ್ತದೆ. ಅದೂ ಚೆಂದವೇ. ಇನ್ನು ಬೆಳ್ಳನೆಯ ಕಾಂಡವೇ ಬೇಕೆಂದರೆ ವಿದೇಶಿ ತಳಿಯನ್ನು ಹುಡುಕಬೇಕಾಗಿಲ್ಲ. ಕಾಡಿನ ಹಸಿರಿನ ನಡುವೆ ದಂತವರ್ಣದ ಕಾಂಡದಿಂದ ಎದ್ದು ಕಾಣುವ ಬಿಳಿನಂದಿ ನಮ್ಮ ಘಟ್ಟದಲ್ಲಿಯೇ ಇದೆ. ಅದರ ಮರಮಟ್ಟು ಕಟ್ಟಡದ ಕೆಲಸಕ್ಕೆ ಬರುವಂಥದ್ದು ಎಂದು ಮರಗೆಲಸದವರಿಗೆ ಗೊತ್ತು. ಎಂಬತ್ತು ಅಡಿ ದಾಟಿ ಬೆಳೆಯಬಲ್ಲ ಆ ಮರವನ್ನು ಅಂಗಳದಲ್ಲಿ ನೆಡುವುದು ಮಾತ್ರ ಬೇಡ.

ಇಷ್ಟೆಲ್ಲ ನೋಡಿ ಸರಿಯಾದ ಸಸಿಯನ್ನೇ ತಂದ ಮೇಲೆ, ಅದನ್ನು ಬೆಳೆಸುವ ವಿಚಾರ. ಲೇಖನದಲ್ಲಿ ಕೊಟ್ಟಿರುವ ಸೂಚನೆಗಳು ಬಹುತೇಕ ಹಿಮ ಬೀಳುವ ದೇಶಗಳ ಅನುಭವದಿಂದ ಬಂದವೆಂದು ಕಾಣುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ಅದರಲ್ಲೂ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು ಹೋಗುವ ನಮ್ಮ ಊರಿನಲ್ಲಿ ಚಳಿಗಿಂತ ನೀರಿನದ್ದೇ ಚಿಂತೆ.

ಮೊದಲ ಮಾತು ಬಿಸಿಲು. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳದ ಜಾಗದಲ್ಲಿ ಕ್ರೇಪ್ ಮಿರ್ಟಲ್ ಎಲೆ ಬಿಡುತ್ತದೆಯೇ ಹೊರತು ಹೂ ಬಿಡುವುದಿಲ್ಲ. ನಮ್ಮ ಹಿತ್ತಿಲುಗಳಲ್ಲಿ ತೆಂಗು, ಮಾವು, ಹಲಸುಗಳ ನೆರಳು ತಪ್ಪಿದ ಜಾಗ ಸಿಗುವುದೇ ಕಷ್ಟ. ಹಾಗಾಗಿ ಮನೆಯ ಮುಂದಿನ ಅಂಗಳದ ಅಂಚು, ಗೇಟಿನ ಬದಿ ಇದಕ್ಕೆ ಒಳ್ಳೆಯದು. ಗೋಡೆಯಿಂದ ಐದಾರು ಅಡಿಯಾದರೂ ದೂರವಿರಲಿ. ಮಲ್ಪೆ, ಉಳ್ಳಾಲದಂತೆ ಉಪ್ಪುಗಾಳಿ ನೇರವಾಗಿ ಬಡಿಯುವ ಕಡಲ ಬದಿಯ ಮನೆಗಳಲ್ಲಿ ಎಲೆಯಂಚು ಸುಟ್ಟಂತಾಗುವುದರಿಂದ ಮನೆಯ ಮರೆಯಲ್ಲಿ, ಪೂರ್ವದ ಕಡೆಗೆ ನೆಡುವುದು ಲೇಸು.

ಮಣ್ಣು ಹುಳಿಯಾಗಿದ್ದರೆ ಇದಕ್ಕೆ ತೊಂದರೆಯಿಲ್ಲ. ತುಸು ಹುಳಿ ಮಣ್ಣು ಇದಕ್ಕೆ ಇಷ್ಟವೇ. ನಮ್ಮ ಮುರಕಲ್ಲಿನ ನೆಲದಲ್ಲಿ ಕಷ್ಟ ಬರುವುದು ಬೇರೆ ಕಡೆಯಿಂದ. ಕಲ್ಲಿನ ಪದರದಲ್ಲಿ ಚೌಕವಾಗಿ ಗುಂಡಿ ತೋಡಿ, ಒಳ್ಳೆಯ ಮಣ್ಣು ತುಂಬಿ ಸಸಿ ಇಟ್ಟರೆ, ಮಳೆಗಾಲದಲ್ಲಿ ಆ ಗುಂಡಿಗೆ ಇಳಿದ ನೀರಿಗೆ ಹೊರಹೋಗುವ ದಾರಿಯಿರುವುದಿಲ್ಲ, ಬೇರು ನಿಂತ ನೀರಿನಲ್ಲಿ ಕೊಳೆಯುತ್ತದೆ. ಗುಂಡಿ ಎರಡಡಿ ಉದ್ದಗಲ, ಎರಡಡಿ ಆಳವಿದ್ದು, ಅದರ ತಳದ ಮತ್ತು ಒಂದು ಬದಿಯ ಕಲ್ಲನ್ನು ಹಾರೆಯಿಂದ ಬಿರಿಯುವಂತೆ ಕುಟ್ಟಿ ನೀರಿಗೆ ದಾರಿ ಮಾಡಿಕೊಡಬೇಕು. ಹಟ್ಟಿಗೊಬ್ಬರ, ಸುಡುಮಣ್ಣು, ಸ್ವಲ್ಪ ಹೊಯ್ಗೆ ಬೆರೆಸಿದ ಮೇಲ್ಮಣ್ಣನ್ನು ತುಂಬಿ, ನೆಲಮಟ್ಟಕ್ಕಿಂತ ಅರ್ಧ ಅಡಿ ಏರಿಸಿ ದಿಬ್ಬದ ಮೇಲೆ ಸಸಿ ಕೂರಿಸಿದರೆ ಇನ್ನೂ ಉತ್ತಮ. ತೊಟ್ಟೆಯಲ್ಲಿ ಎಷ್ಟು ಆಳಕ್ಕಿತ್ತೋ ಅಷ್ಟೇ ಆಳಕ್ಕೆ ನೆಡಬೇಕು. ಬುಡದ ಕಾಂಡಕ್ಕೆ ಮಣ್ಣು ಏರಿಸುವ ನಮ್ಮ ಅಭ್ಯಾಸ ಇದಕ್ಕೆ ಆಗಿಬರುವುದಿಲ್ಲ.

ನೆಡುವ ಕಾಲದ ಬಗ್ಗೆ ಲೇಖಕರ ಅಭಿಪ್ರಾಯಕ್ಕೂ ನನ್ನ ಅಭಿಪ್ರಾಯಕ್ಕೂ ಸ್ವಲ್ಪ ವ್ಯತ್ಯಾಸವಿದೆ. ಮೇ ತಿಂಗಳ ಕೊನೆಯ ಸುಮಾರಿಗೆ ಬರುವ ಪತ್ತನಾಜೆ ಕಳೆದು ಮೊದಲ ಮಳೆ ಬಿದ್ದ ಕೂಡಲೇ ಎಲ್ಲ ಗಿಡ ನೆಡುವುದು ನಮ್ಮಲ್ಲಿ ರೂಢಿ. ತೆಂಗಿಗೋ ಅಡಿಕೆಗೋ ಅದು ಸರಿಯಿರಬಹುದು. ಕ್ರೇಪ್ ಮಿರ್ಟಲ್‌ನ ಎಳೆಯ ಸಸಿಯನ್ನು ಜೂನ್ ಆರಂಭದಲ್ಲಿ ನೆಟ್ಟರೆ, ಬೇರು ಹಿಡಿಯುವ ಮೊದಲೇ ಜುಲೈ, ಆಗಸ್ಟ್‌ನ ಆಟಿ ತಿಂಗಳ ಬಿರುಮಳೆಗೆ ಬುಡ ಅಲುಗಾಡಿ, ಬಿಸಿಲಿಲ್ಲದೆ ಸೊರಗುತ್ತದೆ. ಮಳೆಯ ಜೋರು ತಗ್ಗುವ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ಅವಧಿ, ಅಂದರೆ ಸೋಣ ತಿಂಗಳಿನ ಸುಮಾರು, ನನ್ನ ಮಟ್ಟಿಗೆ ಹೆಚ್ಚು ಸೂಕ್ತ. ನೆಲದಲ್ಲಿ ತೇವ ಇರುತ್ತದೆ, ಬಿಸಿಲೂ ಮರಳುತ್ತದೆ. ಹಾಗೆ ನೆಟ್ಟ ಗಿಡಕ್ಕೆ ಮೊದಲ ಬೇಸಗೆಯಲ್ಲಿ ಎರಡು ದಿನಕ್ಕೊಮ್ಮೆ ಬುಡ ತೋಯುವಂತೆ ನೀರು, ಬುಡದ ಸುತ್ತ ಕಾಂಡಕ್ಕೆ ತಾಗದಂತೆ ತರಗೆಲೆಯ ಹೊದಿಕೆ ಬೇಕು. ಬೇರು ಆಳಕ್ಕಿಳಿದ ಮೇಲೆ ಬರವನ್ನು ಚೆನ್ನಾಗಿಯೇ ತಾಳಿಕೊಳ್ಳುತ್ತದೆ. ಗೊಬ್ಬರದಲ್ಲಿ ಕೈ ಬಿಗಿಯಿರಲಿ: ಯೂರಿಯಾ ಹಾಕಿದರೆ ಸೊಕ್ಕಿ ಬೆಳೆದು ಸೊಪ್ಪಾಗುತ್ತದೆ, ಹೂವು ಕಡಿಮೆಯಾಗಿ ರಸ ಹೀರುವ ಸಸ್ಯಹೇನು ಹೆಚ್ಚುತ್ತದೆ.

ಕತ್ತರಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಈ ಗಿಡ ಹೆಚ್ಚಾಗಿ ಹಾಳಾಗುವುದು ಅಲ್ಲಿಯೇ. ಕ್ರೇಪ್ ಮಿರ್ಟಲ್ ಹೂ ಬಿಡುವುದು ಆಯಾ ವರ್ಷ ಹೊಸದಾಗಿ ಚಿಗುರಿದ ಕಡ್ಡಿಯ ತುದಿಯಲ್ಲಿ. ಇದನ್ನು ಕೇಳಿದವರು, ಹಾಗಾದರೆ ಎಷ್ಟು ಕಡಿದರೆ ಅಷ್ಟು ಚಿಗುರು, ಅಷ್ಟು ಹೂವು ಎಂದು ಲೆಕ್ಕ ಹಾಕಿ, ಮಣಿಕಟ್ಟಿನಷ್ಟು ದಪ್ಪದ ಕೊಂಬೆಗಳನ್ನೂ ಒಂದೇ ಮಟ್ಟದಲ್ಲಿ ತರಿದುಬಿಡುತ್ತಾರೆ. ಚಿಗುರು ಬರುತ್ತದೆ ನಿಜ. ಆದರೆ ಅವು ಸಣಕಲು ಕೋಲುಗಳಾಗಿ ಎದ್ದು, ತುದಿಯಲ್ಲಿ ಹೂಗೊಂಚಲು ಬಿಟ್ಟಾಗ ಮೊದಲ ಮಳೆಯ ನೀರಿನ ಭಾರಕ್ಕೆ ನೆಲ ಮುಟ್ಟುವಂತೆ ಬಾಗುತ್ತವೆ, ಇಲ್ಲವೇ ಬುಡದಲ್ಲಿ ಸೀಳುತ್ತವೆ. ವರ್ಷವರ್ಷವೂ ಅದೇ ಜಾಗದಲ್ಲಿ ಕಡಿದರೆ ಅಲ್ಲಿ ಗಂಟು ಕಟ್ಟಿಕೊಂಡು, ಗಿಡದ ಚೆಲುವೇ ಆದ ನುಣ್ಣನೆಯ ಕಾಂಡದ ಸಾಲು ವಿಕಾರವಾಗುತ್ತದೆ. ಸರಿಯಾದ ಕ್ರಮವೆಂದರೆ, ಎಲೆ ಉದುರಿ ಹೊಸ ಚಿಗುರು ಒಡೆಯುವ ಮೊದಲು, ನಮ್ಮಲ್ಲಿ ಜನವರಿ ಕೊನೆಯಿಂದ ಫೆಬ್ರವರಿಯೊಳಗೆ, ಒಣಗಿದ ಕಡ್ಡಿಗಳನ್ನು, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು, ಬುಡದಿಂದ ಏಳುವ ಹಿಳ್ಳುಗಳನ್ನು, ಪೆನ್ಸಿಲಿಗಿಂತ ಸಣ್ಣಗಿರುವ ಒಳಗಿನ ಪುರಲೆಗಳನ್ನು ಬುಡಸಮೇತ ತೆಗೆಯುವುದು. ಮೂರರಿಂದ ಐದು ಮುಖ್ಯ ಕಾಂಡಗಳನ್ನು ಉಳಿಸಿಕೊಂಡು ಅವುಗಳ ಮೈಯನ್ನು ಕೆಳಗಿನಿಂದ ಬಿಡಿಸಿದರೆ ಎಲೆಯಿಲ್ಲದ ಕಾಲದಲ್ಲಿಯೂ ಗಿಡ ನೋಡುವಂತಿರುತ್ತದೆ. ಮೊದಲ ಸುತ್ತಿನ ಹೂವು ಬಾಡಿದೊಡನೆ, ಕಾಯಿ ಬಲಿಯಲು ಬಿಡದೆ ಗೊಂಚಲನ್ನು ಎರಡು ಎಲೆ ಸಹಿತ ಚಿವುಟಿದರೆ ಐದಾರು ವಾರಗಳಲ್ಲಿ ಇನ್ನೊಂದು ಸುತ್ತು ಹೂವು ಬರುತ್ತದೆ. ಮಳೆಗಾಲದ ನಡುವೆ ಅರಳುವ ಗೊಂಚಲು ನೀರು ಕುಡಿದು ಬಾಗಿ ಬೇಗ ಹಾಳಾಗುವುದರಿಂದ, ಬೇಸಗೆಯ ಸುತ್ತು ಮತ್ತು ಮಳೆ ಹಿಂದೆ ಸರಿದ ಮೇಲಿನ ಸುತ್ತು ಇವೆರಡನ್ನು ಚೆನ್ನಾಗಿ ಪಡೆಯುವುದೇ ಕರಾವಳಿಯವರ ಗುರಿಯಾಗಿರಬೇಕು.

ರೋಗಗಳಲ್ಲಿ ಮುಖ್ಯವಾದದ್ದು ಬೂದಿರೋಗ. ಎಳೆಯ ಎಲೆ, ಮೊಗ್ಗುಗಳ ಮೇಲೆ ಹಿಟ್ಟು ಚಿಮುಕಿಸಿದಂತೆ ಕಾಣಿಸಿಕೊಂಡು, ಎಲೆ ಮುರುಟಿ, ಮೊಗ್ಗು ಅರಳದೆ ಒಣಗುತ್ತದೆ. ಧಾರಾಕಾರ ಮಳೆಯಲ್ಲಿ ಇದರ ಬಾಧೆ ಕಡಿಮೆ, ಏಕೆಂದರೆ ಎಲೆಯ ಮೇಲೆ ನೀರು ಹರಿಯುತ್ತಿದ್ದರೆ ಈ ಶಿಲೀಂಧ್ರಕ್ಕೆ ಆಗಿಬರುವುದಿಲ್ಲ. ಗಾಳಿಯಲ್ಲಿ ತೇವವಿದ್ದು ಎಲೆ ಒಣಗಿರುವ, ಬೆಳಗ್ಗೆ ತಂಪು ಮಧ್ಯಾಹ್ನ ಸೆಕೆಯ ಅಕ್ಟೋಬರ್ ನವೆಂಬರ್‌ಗಳಲ್ಲಿ, ಅದರಲ್ಲೂ ನೆರಳಿನ, ಗಾಳಿಯಾಡದ ಮೂಲೆಗಳಲ್ಲಿ ಅದು ಜೋರು ಮಾಡುತ್ತದೆ. ಅಡಿಕೆಯ ಕೊಳೆರೋಗಕ್ಕೆಂದು ಮನೆಯಲ್ಲಿ ಸಿದ್ಧವಾಗಿರುವ ಬೋರ್ಡೋ ದ್ರಾವಣವನ್ನೇ ಇದಕ್ಕೂ ಹೊಡೆಯುವವರಿದ್ದಾರೆ. ಬೂದಿರೋಗಕ್ಕೆ ತಕ್ಕ ಮದ್ದು ಗಂಧಕ. ನೀರಿನಲ್ಲಿ ಬೆರೆಯುವ ಗಂಧಕದ ಪುಡಿಯನ್ನು ಲೀಟರಿಗೆ ಎರಡು ಮೂರು ಗ್ರಾಂನಂತೆ ಕಲಸಿ, ರೋಗ ಕಂಡ ಮೊದಲ ವಾರದಲ್ಲೇ ಸಂಜೆ ಹೊತ್ತು ಸಿಂಪಡಿಸಬೇಕು. ಬಿಸಿಲು ಸುಡುವಾಗ ಮತ್ತು ಬೇವಿನೆಣ್ಣೆ ಸಿಂಪಡಿಸಿದ ಎರಡು ವಾರದೊಳಗೆ ಗಂಧಕ ಹಾಕಿದರೆ ಎಲೆಯೇ ಸುಡುತ್ತದೆ ಎಂಬುದನ್ನು ಮರೆಯಬಾರದು. ಎಲೆಯ ಮೇಲೆ ಕಪ್ಪು ಮಸಿ ಹಿಡಿದಿದ್ದರೆ ಅದು ಬೇರೆಯೇ ಸಂಗತಿ. ಎಲೆಯ ಅಡಿಯಲ್ಲಿ ಹೇನು ಕೂತು ರಸ ಹೀರಿ, ಅಂಟಾದ ಸಿಹಿನೀರು ಸುರಿಸುತ್ತಿದೆ, ಅದರ ಮೇಲೆ ಮಸಿ ಬೆಳೆದಿದೆ ಎಂದರ್ಥ. ಆ ಸಿಹಿಗೆ ಬರುವ ಇರುವೆಗಳು ಹೇನನ್ನು ಕಾಯ್ದುಕೊಳ್ಳುವುದೂ ಉಂಟು. ಪೈಪಿನಿಂದ ನೀರನ್ನು ಎಲೆಯ ಕೆಳಮೈಗೆ ರಭಸವಾಗಿ ಬಿಟ್ಟರೆ ಬಹುಪಾಲು ಹೇನು ಉದುರುತ್ತದೆ. ಔಷಧಿಯ ಅಂಗಡಿಗೆ ಓಡುವ ಮೊದಲು ಇದನ್ನು ಮಾಡಿ ನೋಡಬಹುದು.

ಹೊಸ ಗಿಡ ಮಾಡಿಕೊಳ್ಳುವುದು ಸುಲಭ. ಫೆಬ್ರವರಿಯಲ್ಲಿ ಕತ್ತರಿಸಿದ ಪೆನ್ಸಿಲ್ ದಪ್ಪದ, ಆರೆಂಟು ಇಂಚಿನ ಬಲಿತ ಕಡ್ಡಿಗಳನ್ನು ಹೊಯ್ಗೆ ಬೆರೆತ ಮಣ್ಣಿನಲ್ಲಿ ಊರಿ ನೆರಳಲ್ಲಿಟ್ಟರೆ ಬೇರು ಬಿಡುತ್ತವೆ. ಬೀಜದಿಂದಲೂ ಬರುತ್ತದೆ, ತಾಯಿಗಿಡದ ಬಣ್ಣವೇ ಬರುತ್ತದೆಂಬ ಭರವಸೆ ಮಾತ್ರ ಇಲ್ಲ.

ಹೊಳೆದಾಸವಾಳದ ಬಗ್ಗೆ ನಾನು ಇಲ್ಲಿ ದೂರು ಹೇಳುತ್ತಿದ್ದೇನೆಂದು ಯಾರೂ ಭಾವಿಸಬಾರದು. ಏಪ್ರಿಲ್‌ನಿಂದ ಜೂನ್‌ವರೆಗೆ, ಬೇಸಗೆಯ ಧಗೆ ತಾರಕಕ್ಕೇರಿದಾಗ ಅದು ಬಿಡುವ ನೇರಳೆ ಗೊಂಚಲುಗಳ ಮುಂದೆ ಯಾವ ವಿದೇಶಿ ತಳಿಯೂ ನಿಲ್ಲಲಾರದು. ಹೆದ್ದಾರಿ ಅಗಲಗೊಳಿಸುವಾಗ ಸಾಲುಮರಗಳನ್ನು ಕಳೆದುಕೊಂಡ ನಮ್ಮ ರಸ್ತೆಗಳ ಬದಿಯಲ್ಲಿ, ತೋಡು ಹೊಳೆಗಳ ದಂಡೆಯಲ್ಲಿ, ಕೆರೆಗಳ ಏರಿಯ ಹೊರಬದಿಯಲ್ಲಿ, ಶಾಲಾ ಕಾಲೇಜುಗಳ ವಿಶಾಲ ಆವರಣಗಳಲ್ಲಿ ನೆಡಬೇಕಾದದ್ದು ಅದನ್ನೇ. ಸ್ವಲ್ಪ ಹೊತ್ತು ನೀರು ನಿಂತರೂ ಅದು ಹೆದರುವುದಿಲ್ಲ, ಹುಟ್ಟಿದ್ದೇ ಹೊಳೆಯ ಬದಿಯಲ್ಲಿ. ಮನೆಯ ಗೋಡೆಯಿಂದ ಇಪ್ಪತ್ತೈದು ಮೂವತ್ತು ಅಡಿ ದೂರ, ಮೇಲೆ ತಂತಿಯಿಲ್ಲದ ಆಕಾಶ ಇವೆರಡನ್ನು ಕೊಡಬಲ್ಲವರು ಅಂಗಳದಲ್ಲಿಯೂ ನೆಡಲಿ. ಈಗ ಆಗುತ್ತಿರುವುದು ತದ್ವಿರುದ್ಧ: ಮರಕ್ಕೆ ಮೂರಡಿ ಜಾಗ ಸಿಗುತ್ತಿದೆ, ರಸ್ತೆಯ ವಿಭಜಕಗಳಲ್ಲೂ ಉದ್ಯಾನಗಳಲ್ಲೂ ವಿಶಾಲವಾದ ಜಾಗ ಸಣ್ಣ ಗಿಡಗಳಿಗೆ ಹೋಗುತ್ತಿದೆ.

ಆದ್ದರಿಂದ ನರ್ಸರಿಗಳನ್ನು ನಡೆಸುವವರಲ್ಲಿ ನನ್ನದೊಂದು ವಿನಂತಿ. ಪ್ರತಿ ತೊಟ್ಟೆಗೆ ಬೇಡ, ಪ್ರತಿ ಸಾಲಿಗೆ ಒಂದು ಹಲಗೆ ಇರಲಿ. ಅದರಲ್ಲಿ ಕನ್ನಡದ ಹೆಸರು, ಪ್ರಭೇದದ ಪೂರ್ತಿ ಹೆಸರು, ಗಿಡ ಬೆಳೆದಾಗ ಏರುವ ಎತ್ತರ ಈ ಮೂರು ಬರೆದಿರಲಿ. ಸಾರ್ವಜನಿಕ ಜಾಗಗಳಲ್ಲಿ ಗಿಡ ನೆಡಿಸುವ ಇಲಾಖೆಗಳು ಸಸಿ ಖರೀದಿಯ ಪಟ್ಟಿಯಲ್ಲಿ ಬರೀ ಲ್ಯಾಗರ್‌ಸ್ಟ್ರೋಮಿಯಾ ಎಂದು ಬರೆಯುವುದನ್ನು ಬಿಟ್ಟು ಯಾವ ಪ್ರಭೇದವೆಂದು ನಮೂದಿಸಿದರೆ ಅರ್ಧ ಗೊಂದಲ ಅಲ್ಲಿಯೇ ಕಡಿಮೆಯಾಗುತ್ತದೆ. ಗಣರಾಜ್ಯೋತ್ಸವದ ಹೊತ್ತಿಗೆ ಮಂಗಳೂರಿನ ಕದ್ರಿ ಉದ್ಯಾನದಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನದಲ್ಲಿ ಹೂವಿನಿಂದ ಮಾಡಿದ ಪ್ರಾಣಿ, ಗೋಪುರಗಳ ಪಕ್ಕದಲ್ಲಿ ಇಂಥ ಒಂದೇ ಕುಲದ ಗಿಡಗಳನ್ನು ಜೊತೆಜೊತೆಯಾಗಿ ಇಟ್ಟು ವ್ಯತ್ಯಾಸ ತೋರಿಸುವ ಒಂದು ಮೇಜನ್ನಾದರೂ ಇಡಬಹುದು. ಪಶ್ಚಿಮಘಟ್ಟದ ಮರಗಳನ್ನು ಬೆಳೆಸಿರುವ ಪಿಲಿಕುಳದ ಸಸ್ಯೋದ್ಯಾನದವರೂ ಈ ವಿಷಯದಲ್ಲಿ ಜನರಿಗೆ ನೆರವಾಗಬಲ್ಲರು.

ತಮ್ಮಲ್ಲಿ ಕೇಳಿಕೊಳ್ಳುವುದಿಷ್ಟೆ: ಮುಂದಿನ ಪುರವಣಿಯಲ್ಲಿ ಆ ಚಿತ್ರದ ಬಗ್ಗೆ ಒಂದು ತಿದ್ದುಪಡಿಯನ್ನು ಪ್ರಕಟಿಸಿ, ಸಾಧ್ಯವಾದರೆ ಎರಡೂ ಗಿಡಗಳ ಎಲೆ ಮತ್ತು ಪುಷ್ಪಪಾತ್ರೆಯ ಚಿತ್ರಗಳನ್ನು ಅಕ್ಕಪಕ್ಕದಲ್ಲಿ ಒಂದೇ ಅಳತೆಯಲ್ಲಿ ಅಚ್ಚು ಹಾಕಿಸಬೇಕು. ಸೋಣದಲ್ಲಿ ಗಿಡ ನೆಡಲು ಹೊರಡುವವರಿಗೆ ಅದು ಅದಕ್ಕೂ ಮುಂಚೆ ಕೈಗೆ ಸಿಕ್ಕಿದರೆ ಉಪಕಾರವಾದೀತು.

ಇತಿ,
ತಮ್ಮ ವಿಶ್ವಾಸಿ,
ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕ,
ಕುಂಜಿಬೆಟ್ಟು, ಉಡುಪಿ